ಮಳೆಗಾಲಕ್ಕೆ ಮುಂಚೆ ಒಣಮರ ಕಡಿಯುವವರು ಒಮ್ಮೆ ನೋಡಿ

ಜೂನ್ ಹತ್ತಿರ ಬಂತು. ತೋಟದಲ್ಲಿ ಗಾಳಿಗೆ ಬೀಳಬಹುದಾದ ಮರ ತೆಗೆಸುವ ಕೆಲಸ ಎಲ್ಲರ ಮನೆಯಲ್ಲೂ ನಡೀತಿರುತ್ತದೆ. ಮನೆ, ಕೊಟ್ಟಿಗೆ, ಕರೆಂಟ್ ತಂತಿಯ ಮೇಲೆ ಬೀಳುವಂಥದ್ದನ್ನು ತೆಗೆಸಲೇಬೇಕು. ಆದರೆ ಬೇಣದ (ಹುಲ್ಲು ಬೆಳೆಯುವ ಬಯಲಿನ) ಮೂಲೆಯಲ್ಲಿ ನಿಂತ ಒಣಮರವನ್ನು ದಯವಿಟ್ಟು ಬಿಡಿ, ಕೆಲವು ಹಕ್ಕಿಗಳು ರಾತ್ರಿ ಮಲಗುವುದು ಅದರಲ್ಲೇ.

ಗೂಡು ಮರಿ ಮಾಡುವುದಕ್ಕೆ ಮಾತ್ರ, ರಾತ್ರಿ ಹಕ್ಕಿ ಎಲ್ಲೋ ಕೊಂಬೆ ಮೇಲೆ ಕೂರುತ್ತದೆ ಅಂತ ನಮ್ಮಲ್ಲಿ ಹಲವರ ಎಣಿಕೆ. ಬಹುಪಾಲು ಹಕ್ಕಿಗಳಿಗೆ ಅದು ನಿಜವೇ. ಮರಕುಟಿಗ, ಕುಟ್ರು ಹಕ್ಕಿಗಳು ಮಾತ್ರ ಒಣಗಿದ ಮರದಲ್ಲಿ ತಾವೇ ಕೊರೆದ ಪೊಟರೆಯೊಳಗೆ ಮಲಗುತ್ತವೆ. ಅವು ಬಿಟ್ಟುಹೋದ ಪೊಟರೆಗೆ ಮೈನಾ, ಗಿಳಿ, ಹಾಲಕ್ಕಿ ಗೂಬೆ ಬರುತ್ತವೆ. ಕಡಿಯುವ ಮುಂಚೆ ಸಂಜೆ ಕತ್ತಲಾಗುವ ಹೊತ್ತಿಗೆ ಮರದ ಕೆಳಗೆ ಸುಮ್ಮನೆ ನಿಂತು ನೋಡಿ, ಒಳಗೆ ಯಾರಿದ್ದಾರೆ ಅಂತ ಗೊತ್ತಾಗುತ್ತದೆ.

ಪಿಕಳಾರದಂಥವು ದಟ್ಟ ಪೊದೆಯ ಒಳಗೆ ಕೂರುತ್ತವೆ. ಹಾಗಾಗಿ ಬೇಲಿಯನ್ನು ಒಂದೇ ಸಲ ಪೂರ್ತಿ ಸವರಬೇಡಿ, ಈ ವರ್ಷ ಒಂದು ಪಕ್ಕ, ಮುಂದಿನ ವರ್ಷ ಇನ್ನೊಂದು. ಶಿವಮೊಗ್ಗ ಜಿಲ್ಲೆಯ ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳು ತುಂಗೆಯ ನಡುಗಡ್ಡೆಯ ಮರಗಳನ್ನೇ ಹಿಡಿದಿರುವುದು ಗೊತ್ತಲ್ಲ, ಸುತ್ತ ನೀರಿದ್ದರೆ ಬೆಕ್ಕು ನಾಯಿಯ ಕಾಟ ಕಡಿಮೆ.

ಜಡಿಮಳೆಗೆ ನೆಂದು ಅಂಗಳಕ್ಕೆ ಬಿದ್ದ ಹಕ್ಕಿ ಸಿಕ್ಕರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಒಣಬಟ್ಟೆ ಹಾಸಿ, ಕತ್ತಲೆ ಜಾಗದಲ್ಲಿಡಿ. ಬಾಯಿಗೆ ನೀರು ಹುಯ್ಯಬೇಡಿ, ಉಸಿರುನಾಳಕ್ಕೆ ಹೋಗಿ ಸಾಯುತ್ತವೆ. ಮೈ ಒಣಗಿ ಚುರುಕಾದ ಮೇಲೆ, ಮಳೆ ಬಿಟ್ಟಾಗ, ಸಿಕ್ಕ ಜಾಗದಲ್ಲೇ ಹಗಲು ಹೊತ್ತಿನಲ್ಲಿ ಬಿಡಿ.