ಲೈಸೆನ್ಸ್ ಟೆಸ್ಟಿಗೆ ನಾನು ತಯಾರಾದದ್ದು ಹೀಗೆ

ಲೈಸೆನ್ಸ್ ಟೆಸ್ಟ್ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ. "ಎಂಟು ಹಾಕೋಕೆ ಬರುತ್ತಾ?" ಅಂದರೆ ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಲು ಬರುತ್ತಾ ಅಂತ. ಕಾರಾದರೆ "ರಿವರ್ಸ್ ಬರುತ್ತಾ?" ನಾನು ಸ್ಕೂಟಿ, ಕಾರು ಎರಡಕ್ಕೂ ಟೆಸ್ಟ್ ಕೊಟ್ಟು ಪಾಸಾದೆ. ಇವೆರಡೂ ಬೇರೆ ಬೇರೆ ವಿದ್ಯೆ ಅಂತ ನನಗೆ ಅನಿಸಲಿಲ್ಲ. ಗಾಡಿಯನ್ನು ನಡೆದು ಹೋಗುವಷ್ಟು ನಿಧಾನದಲ್ಲಿ, ಆಫ್ ಆಗದಂತೆ, ಜಗ್ಗದಂತೆ ಓಡಿಸಲು ಬಂದರೆ ಸಾಕು. ಎಂಟೂ ಬರುತ್ತದೆ, ರಿವರ್ಸೂ ಬರುತ್ತದೆ, ಏರಿನಲ್ಲಿ ನಿಲ್ಲಿಸಿ ಹೊರಡುವುದೂ ಬರುತ್ತದೆ. ಜೋರಾಗಿ ಓಡಿಸುವುದು ಯಾರಿಗಾದರೂ ಬೇಗ ಬಂದುಬಿಡುತ್ತದೆ. ಕಷ್ಟ ಇರುವುದು ನಿಧಾನದಲ್ಲಿ. ನನ್ನ ತಯಾರಿಯ ಮುಕ್ಕಾಲು ಪಾಲು ಅದಕ್ಕೇ ಹೋಯಿತು.

ನಮ್ಮದು ಶಿರಸಿ ಕಡೆಯ ಒಂದು ಹಳ್ಳಿ. ಮನೆಯಿಂದ ಡಾಂಬರು ರಸ್ತೆಗೆ ಬರಬೇಕೆಂದರೆ ಒಂದು ಏರು ಹತ್ತಲೇಬೇಕು. ಬಸ್ಸು ಬೆಳಿಗ್ಗೆ ಹೋದರೆ ಮತ್ತೆ ಸಂಜೆಗೇ. ಅತ್ತೆಯವರನ್ನು ಪೇಟೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಪ್ರತಿ ಸಲ ಯಾರನ್ನಾದರೂ ಕೇಳಿಕೊಳ್ಳಬೇಕಿತ್ತು. ನಲವತ್ತು ದಾಟಿದ ಮೇಲೆ ನಾನು ಕಲಿಯಲು ಹೊರಟದ್ದು ಅದಕ್ಕೇ. "ಸುಮ್ನೆ ಏಜೆಂಟ್ ಹಿಡಿದು ಮಾಡಿಸಿಬಿಡಿ" ಅಂದವರು ಕಡಿಮೆ ಇರಲಿಲ್ಲ. ಆದರೆ ಆ ಏರಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವವಳು ನಾನು, ಏಜೆಂಟ್ ಅಲ್ಲ. ಕಾರ್ಡ್ ಕೈಗೆ ಬರುವ ಮೊದಲು ಓಡಿಸುವುದು ಕೈಗೆ ಬರಬೇಕಿತ್ತು.

ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿದ್ದು ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. 40 ತುಂಬಿದವರಿಗೆ ಫಾರ್ಮ್ 1ಎ ಬೇಕು, ಅಂದರೆ ಡಾಕ್ಟರು ಪರೀಕ್ಷೆ ಮಾಡಿ ಸಹಿ ಹಾಕಿದ ಸರ್ಟಿಫಿಕೇಟ್. ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಎಲ್‌ಎಲ್‌ಗೆ 6 ತಿಂಗಳ ಅವಧಿ. ಅದು ಸಿಕ್ಕಿ 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. 31ನೇ ದಿನವೇ ಹೋಗುವ ಅವಸರ ನನಗೆ ಇರಲಿಲ್ಲ. ಹಾಗಂತ ಕೊನೆಯ ವಾರದವರೆಗೆ ಕಾಯಲೂ ಇಲ್ಲ. ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬೇಕು. ಮೂರು ಸಲವೂ ಆಗದಿದ್ದರೆ 60 ದಿನ ಕಾಯಬೇಕು. ಅಷ್ಟಕ್ಕೆಲ್ಲ ಜಾಗ ಇರುವಂತೆ ನಡುವಿನ ಒಂದು ದಿನಕ್ಕೆ ಸ್ಲಾಟ್ ತೆಗೆದುಕೊಂಡೆ.

ಕಾರಿಗೆ ಡ್ರೈವಿಂಗ್ ಸ್ಕೂಲ್ ಸೇರಿದೆ. ಅಲ್ಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಕ್ಲಚ್, ಬ್ರೇಕ್ ಇರುತ್ತದೆ. ನಮಗೆ ಗೊತ್ತಾಗದ ಹಾಗೆ ಅವರು ಅದನ್ನು ಒತ್ತುತ್ತಾ ಇರುತ್ತಾರೆ. ಕಾರು ನುಣ್ಣಗೆ ಹೋಗುತ್ತದೆ, ನಮಗೆ ಬಂದುಬಿಟ್ಟಿದೆ ಅನಿಸುತ್ತದೆ. ಒಂದು ದಿನ ಕಲಿಸುವ ಹುಡುಗನಿಗೆ ಹೇಳಿದೆ. "ತಮ್ಮಾ, ಇವತ್ತು ನೀನು ಕಾಲು ಹಿಂದಕ್ಕೆ ಇಟ್ಟುಕೊಂಡು ಕೂತುಕೋ. ಎಲ್ಲಿಗಾದರೂ ಗುದ್ದುವ ಹಾಗಾದರೆ ಮಾತ್ರ ಬ್ರೇಕ್ ಒತ್ತು." ಅವನು "ಆಯ್ತಕ್ಕಾ, ಖಾಲಿ ರಸ್ತೆಗೆ ಹೋಗುವ ಹಾಗಾದರೆ" ಅಂದ. ಅವತ್ತು ಕಾರು ಎಷ್ಟು ಸಲ ಆಫ್ ಆಯಿತೋ, ಅಷ್ಟು ಸಲ ನನಗೆ ಪಾಠ ಆಯಿತು. ಡ್ರೈವಿಂಗ್ ಸ್ಕೂಲಿಗೆ ಹೋಗುವ ಎಲ್ಲರಿಗೂ ಇದನ್ನೊಂದು ಹೇಳುತ್ತೇನೆ. ಮೊದಲ ವಾರ ಕಳೆದ ಮೇಲೆ ಅವರ ಕಾಲು ತೆಗೆಸಿ.

ಆಮೇಲಿನ ಅಭ್ಯಾಸವೆಲ್ಲ ನಮ್ಮ ಹಳೇ ಆಲ್ಟೋದಲ್ಲಿ. ಹಿಂದೆ ಮುಂದೆ ಎಲ್ ಬೋರ್ಡ್ ಅಂಟಿಸಿ, ಪಕ್ಕದಲ್ಲಿ ನಮ್ಮನೆಯವರನ್ನು ಕೂರಿಸಿಕೊಂಡು. ಕಲಿಯುವವರ ಪಕ್ಕ ಲೈಸೆನ್ಸ್ ಇರುವವರು ಇರಲೇಬೇಕು, ಅದು ಕಾನೂನು.

ಮೊದಲು ಹಾಫ್ ಕ್ಲಚ್. ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೇ ಕ್ಲಚ್ ಮಾತ್ರ ಕೂದಲೆಳೆಯಷ್ಟು ಬಿಡುತ್ತಾ ಬರಬೇಕು. ಒಂದು ಹಂತದಲ್ಲಿ ಇಂಜಿನ್ ಸದ್ದು ಸ್ವಲ್ಪ ತಗ್ಗುತ್ತದೆ, ಸ್ಟೇರಿಂಗ್‌ನಲ್ಲಿ ಸಣ್ಣ ನಡುಕ ಬರುತ್ತದೆ, ಕಾರು ತೆವಳಲು ಶುರು ಮಾಡುತ್ತದೆ. ಹಿಮ್ಮಡಿ ನೆಲಕ್ಕೆ ಊರಿ, ಕಾಲನ್ನು ಅಲ್ಲೇ ಹಿಡಿದಿಡಬೇಕು. ಮತ್ತೆ ಒತ್ತಿ ನಿಲ್ಲಿಸಬೇಕು, ಮತ್ತೆ ಬಿಡಬೇಕು. ಅಂಗಳದ ಆ ತುದಿಯಿಂದ ಈ ತುದಿಗೆ ಇಷ್ಟನ್ನೇ ಮಾಡಿದೆ. ನೋಡುವವರಿಗೆ ಬೇಜಾರು. ಆದರೆ ಕಾಲಿಗೆ ಆ ಜಾಗ ಗೊತ್ತಾದ ಮೇಲೆ ಕಾರಿನ ಹೆದರಿಕೆ ಅರ್ಧ ಹೋಯಿತು.

ನಂತರ ಏರು. ಕೇಂದ್ರ ಮೋಟಾರು ವಾಹನ ನಿಯಮ 1989ರ 15ನೇ ನಿಯಮದಲ್ಲಿ ಟೆಸ್ಟಿನಲ್ಲಿ ಏನೇನು ನೋಡಬೇಕು ಅಂತ ಪಟ್ಟಿಯೇ ಇದೆ. ಕಡಿದಾದ ಏರಿನಲ್ಲಿ ನಿಲ್ಲಿಸಿ, ಸ್ವಲ್ಪವೂ ಹಿಂದಕ್ಕೆ ಜಾರದಂತೆ ಹೊರಡಬೇಕು ಅನ್ನುವುದೂ ಅದರಲ್ಲಿದೆ. ನಮ್ಮನೆಯವರು ಇದಕ್ಕೊಂದು ಉಪಾಯ ಮಾಡಿದರು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ಮೇಲೆ, ಹಿಂದಿನ ಚಕ್ರದ ಹಿಂಬದಿಗೆ ತಾಗುವ ಹಾಗೆ ಒಂದು ಖಾಲಿ ಬೆಂಕಿಪೊಟ್ಟಣ ಇಟ್ಟು, ತಾವು ಮತ್ತೆ ಬಂದು ಪಕ್ಕದಲ್ಲಿ ಕೂತರು. ಫಸ್ಟ್ ಗೇರ್, ಕ್ಲಚ್ ಅದೇ ಜಾಗಕ್ಕೆ, ಆಕ್ಸಿಲರೇಟರ್ ಒಂಚೂರು. ಕಾರಿನ ಮೂತಿ ಸ್ವಲ್ಪ ಮೇಲೇಳುತ್ತದೆ. ಆಗ, ಆಗ ಮಾತ್ರ ಹ್ಯಾಂಡ್ ಬ್ರೇಕ್ ಇಳಿಸಬೇಕು. ಮೇಲೆ ಹೋಗಿ ನಿಲ್ಲಿಸಿ, ಇಳಿದು ಬಂದು ನೋಡಿದರೆ ಪೊಟ್ಟಣ ಚಪ್ಪಟೆಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. "ಜಾರಲಿಲ್ಲ ಬಿಡಿ" ಅಂತ ಸಮಾಧಾನದ ಮಾತಿಗೆ ಜಾಗವೇ ಇಲ್ಲ. ಪೊಟ್ಟಣ ಒಂದೂ ಜಜ್ಜದೇ ಉಳಿಯುವವರೆಗೆ ನಾನು ಟೆಸ್ಟಿನ ಮಾತು ಎತ್ತಲಿಲ್ಲ.

ರಿವರ್ಸಿಗೆ ಕೊನೆಕೊಯ್ಲು ಮುಗಿದು ಖಾಲಿ ಬಿದ್ದಿದ್ದ ಅಡಿಕೆ ಅಂಗಳವೇ ಮೈದಾನ. ಖಾಲಿ ಪೇಂಟ್ ಡಬ್ಬಿಗಳಿಗೆ ಮರಳು ತುಂಬಿ, ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಗಳನ್ನು ಕಂಬದ ಹಾಗೆ ನೆಟ್ಟು ಸಾಲಾಗಿ ಇಟ್ಟೆವು. ಮೊದಮೊದಲು ಸಾಲುಗಳ ನಡುವೆ ಧಾರಾಳ ಜಾಗ, ಆಮೇಲಾಮೇಲೆ ಹತ್ತಿರ ಹತ್ತಿರ. ಹಿಂದೆ ಹೋಗುವಾಗ ಸ್ಟೇರಿಂಗ್ ಯಾವ ಕಡೆ ತಿರುಗಿಸುತ್ತೀವೋ ಕಾರಿನ ಹಿಂಭಾಗ ಅದೇ ಕಡೆ ಹೋಗುತ್ತದೆ. ಇದು ಎಲ್ಲರಿಗೂ ಬೇಗ ತಿಳಿಯುತ್ತದೆ. ತಿಳಿಯದಿರುವುದು ಏನೆಂದರೆ, ಅದೇ ಹೊತ್ತಿಗೆ ಮುಂದಿನ ಮೂತಿ ಉಲ್ಟಾ ಕಡೆಗೆ ಬೀಸಿಕೊಳ್ಳುತ್ತದೆ. ಹಿಂದಿನ ಕಂಬವನ್ನೇ ನೋಡುತ್ತಾ ಹೋದರೆ ಮುಂದಿನ ಕಂಬ ಬೀಳುತ್ತದೆ. ಬಲಗಡೆ ಕನ್ನಡಿ, ಎಡಗಡೆ ಕನ್ನಡಿ, ಹಿಂದಿನ ಗಾಜು, ಮುಂದಿನ ಮೂಲೆ, ಹೀಗೆ ಕಣ್ಣು ಸುತ್ತುತ್ತಲೇ ಇರಬೇಕು. ಅಷ್ಟೆಲ್ಲ ನೋಡಲು ಪುರುಸೊತ್ತು ಸಿಗಬೇಕೆಂದರೆ ಕಾರು ಹಾಫ್ ಕ್ಲಚ್‌ನಲ್ಲಿ ತೆವಳುತ್ತಿರಬೇಕು. ಎಲ್ಲ ಸುತ್ತಿ ಅಲ್ಲಿಗೇ ಬರುತ್ತದೆ ಅಲ್ವಾ?

ಸ್ಕೂಟಿಯ ಎಂಟಿಗೂ ಇದೇ ಮಾತು. ಸ್ಕೂಟಿಗೆ ಕೈಯಲ್ಲಿ ಕ್ಲಚ್ ಇಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಳೆಯುವುದು ನಿಂತು ಗಾಡಿ ವಾಲುತ್ತದೆ, ಕಾಲು ನೆಲಕ್ಕೆ ಹೋಗುತ್ತದೆ. ಅದಕ್ಕೆ ಆಕ್ಸಿಲರೇಟರನ್ನು ಒಂದೇ ಸಮ ಹಿಡಿದು, ವೇಗವನ್ನು ಎಡಗೈಯ ಹಿಂದಿನ ಬ್ರೇಕಿನಲ್ಲಿ ಮೆತ್ತಗೆ ತಗ್ಗಿಸಬೇಕು. ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಕಣ್ಣು ಮುಂದಿನ ಚಕ್ರದ ಮೇಲೆ ಇರಬಾರದು, ಮುಂದೆ ತಿರುಗಬೇಕಾದ ಜಾಗದ ಮೇಲೆ ಇರಬೇಕು. ಗೆರೆ ನೋಡುತ್ತಾ ಕೂತರೆ ಗೆರೆಯ ಮೇಲೇ ಹೋಗುತ್ತೀರಿ.

15ನೇ ನಿಯಮದ ಆ ಪಟ್ಟಿಯನ್ನು ಓದಿದ್ದರಿಂದ ನನಗೆ ಇನ್ನೊಂದು ಲಾಭವಾಯಿತು. ಅದರಲ್ಲಿ ಮೊಟ್ಟಮೊದಲು ಇರುವುದು ಎಂಟೂ ಅಲ್ಲ, ರಿವರ್ಸೂ ಅಲ್ಲ. ಹಿಂದಿನದು ಕಾಣುವ ಕನ್ನಡಿಯನ್ನು ಸರಿಮಾಡಿಕೊಳ್ಳುವುದು. ಅದಕ್ಕೇ ಮನೆಯ ಅಂಗಳದಲ್ಲೂ ನಾನು ಸೀಟು, ಕನ್ನಡಿ, ಬೆಲ್ಟ್, ಗೇರ್ ನ್ಯೂಟ್ರಲ್, ಆಮೇಲೆ ಕೀ ಅನ್ನುವ ಕ್ರಮ ತಪ್ಪಿಸಲಿಲ್ಲ. ಹೊರಡುವ ಮುನ್ನ ಕನ್ನಡಿ, ಇಂಡಿಕೇಟರ್, ಬಲಗಡೆಗೆ ಒಮ್ಮೆ ತಲೆ ತಿರುಗಿಸಿ ನೋಟ. ಅಂಗಳದಲ್ಲಿ ಕೋಳಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ, ಆದರೂ ಇಂಡಿಕೇಟರ್ ಹಾಕುತ್ತಿದ್ದೆ. ಟೆಸ್ಟಿನ ದಿನ ನೆನಪು ಮಾಡಿಕೊಳ್ಳಬೇಕಾದದ್ದು ಕಡಿಮೆ ಇದ್ದಷ್ಟೂ ಒಳ್ಳೆಯದು. ಕೈ ಸನ್ನೆಗಳನ್ನೂ ಕಲಿತೆ. ಬಲಕ್ಕೆ ತಿರುಗುವುದಾದರೆ ಬಲಗೈ ಹೊರಗೆ ನೇರ ಚಾಚುವುದು, ನಿಧಾನಿಸುವುದಾದರೆ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸುವುದು.

ಟೆಸ್ಟಿಗೆ ನಮ್ಮದೇ ಕಾರು ತೆಗೆದುಕೊಂಡು ಹೋದೆವು. ಒಂದೊಂದು ಕಾರಿನ ಕ್ಲಚ್ ಒಂದೊಂದು ಕಡೆ ಹಿಡಿಯುತ್ತದೆ. ಅವತ್ತು ಹೊಸ ಕಾರು ಬೇಡವೇ ಬೇಡ. ಎಲ್‌ಎಲ್, ಅರ್ಜಿಯ ಪ್ರಿಂಟ್, ಸ್ಲಾಟ್ ಚೀಟಿ, ಜೊತೆಗೆ ಎರಡೂ ಗಾಡಿಗಳ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಎಲ್ಲ ಒಂದೇ ಫೈಲಿನಲ್ಲಿ. ಕಾಲಿಗೆ ತೆಳು ಅಟ್ಟೆಯ ಶೂ. ಜಾರುವ ಚಪ್ಪಲಿಯಲ್ಲಿ ಕ್ಲಚ್ ಸೂಕ್ಷ್ಮ ತಿಳಿಯುವುದಿಲ್ಲ.

ಮೊದಲು ಸ್ಕೂಟಿ, ಆಮೇಲೆ ಕಾರು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು "ಹೊರಡಿ" ಅಂದರು. ನಾನು "ಒಂದು ನಿಮಿಷ ಸರ್" ಅಂತ ಹೇಳಿ ಕನ್ನಡಿ ಸರಿಮಾಡಿಕೊಂಡೆ, ಬೆಲ್ಟ್ ಹಾಕಿಕೊಂಡೆ. ಅವರು ಸುಮ್ಮನೆ ಕಾದರು. ಅವಸರ ಮಾಡಿಸುತ್ತಾರೆ ಅಂತ ನಾವೇ ಅಂದುಕೊಂಡಿರುತ್ತೇವೆ. ಕಾರನ್ನು ತೆವಳಿಸಿಕೊಂಡೇ ರಿವರ್ಸ್ ಮುಗಿಸಿದೆ. ರಸ್ತೆಯಲ್ಲಿ ಥರ್ಡ್ ಗೇರಿನವರೆಗೆ ಹೋಗಿ, ಅವರು ಹೇಳಿದ ಕಡೆ ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿದೆ. "ಹ್ಯಾಂಡ್ ಬ್ರೇಕ್ ಹಾಕಿ ಇಳೀರಿ, ಆಯ್ತು" ಅಂದರು.

ಬೆಂಗಳೂರಿನಲ್ಲಿರುವ ನನ್ನ ತಂಗಿ ಮಗಳು ಈಗ ಇದಕ್ಕೇ ತಯಾರಾಗುತ್ತಿದ್ದಾಳೆ. ಅವಳ ಟೆಸ್ಟ್ ಕ್ಯಾಮೆರಾ, ಸೆನ್ಸರ್ ಇರುವ ಟ್ರ್ಯಾಕಿನಲ್ಲಿ. "ದೊಡ್ಡಮ್ಮಾ, ಅಲ್ಲಿ ಗೆರೆ ಮುಟ್ಟಿದರೂ ಗೊತ್ತಾಗುತ್ತಂತೆ" ಅಂತ ಹೆದರಿದ್ದಳು. ಅವಳಿಗೂ ಬೆಂಕಿಪೊಟ್ಟಣ, ಡಬ್ಬಿಗಳ ಲೆಕ್ಕವನ್ನೇ ಹೇಳಿದ್ದೇನೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಮೇಲೆ ಬರುವ ಏರು ಅಭ್ಯಾಸಕ್ಕೆ ಚೆನ್ನಾಗಿದೆ, ಭಾನುವಾರ ಬೆಳಿಗ್ಗೆ ಬೇಗ ಅಪ್ಪನ ಜೊತೆ ಹೋಗು ಅಂದೆ.

ನಾನೀಗ ಕುಮಟಾ ಕಡೆಯ ದೇವಿಮನೆ ಘಟ್ಟ ಇಳಿಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಬ್ರೇಕನ್ನೇ ನೆಚ್ಚಿಕೊಳ್ಳದೆ ಚಿಕ್ಕ ಗೇರಿನಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿಯಬೇಕು. ಇದೂ ಆ 15ನೇ ನಿಯಮದ ಪಟ್ಟಿಯಲ್ಲಿದೆ. ಟೆಸ್ಟಿನಲ್ಲಿ ಯಾರೂ ನನ್ನನ್ನು ಕೇಳಲಿಲ್ಲ ಅಷ್ಟೇ.