ಶಿವಮೊಗ್ಗದ ಹಳೇ ಪೇಟೆಯಲ್ಲಿ ಕಡಿಮೆ ಬಾಡಿಗೆಯ ಕೋಣೆ ಹಿಡಿಯುವವರಿಗೆ

ಶಿವಪ್ಪನಾಯಕನ ಅರಮನೆ, ಕೋಟೆ ಆಂಜನೇಯ ದೇವಸ್ಥಾನ ಮತ್ತು ತುಂಗಾ ತೀರವನ್ನು ನಡೆದೇ ನೋಡಬೇಕೆನ್ನುವವರು ಗಾಂಧಿ ಬಜಾರ್ ಸುತ್ತಮುತ್ತಲಿನ ಸಾಧಾರಣ ಲಾಡ್ಜ್‌ಗಳಲ್ಲಿ ಉಳಿದುಕೊಳ್ಳುವುದು ಅನುಕೂಲಕರ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೊರಟವರು ಇಲ್ಲಿಗೆ ನಸುಕಿನಲ್ಲೇ ತಲುಪುವುದರಿಂದ, ಬಾಡಿಗೆಯ ದಿನವನ್ನು ಕೋಣೆಗೆ ಬಂದ ಹೊತ್ತಿನಿಂದ 24 ಗಂಟೆ ಎಂದು ಲೆಕ್ಕ ಹಾಕುತ್ತಾರೆಯೋ ಅಥವಾ ಮಧ್ಯಾಹ್ನ 12ಕ್ಕೆ ಮುಗಿಸುತ್ತಾರೆಯೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಇಲ್ಲವಾದರೆ ಆರೇಳು ಗಂಟೆಯ ವಾಸಕ್ಕೆ ಇಡೀ ದಿನದ ಹಣ ತೆರಬೇಕಾದೀತು.

ಮಳೆಗಾಲದಲ್ಲಿ ಬರುವವರು ಕೋಣೆಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬಾರದು. ಗೋಡೆಯ ಮೂಲೆಗಳಲ್ಲಿ ಹಾಗೂ ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿದಿದೆಯೇ, ಕಿಟಕಿ ಹೊರಗಿನ ಗಾಳಿಗೆ ತೆರೆಯುತ್ತದೆಯೇ ಅಥವಾ ಒಳಗಿನ ಓಣಿಗೆ ತೆರೆಯುತ್ತದೆಯೇ ಎಂದು ಪರೀಕ್ಷಿಸಿರಿ. ಒದ್ದೆ ಬಟ್ಟೆ ಎರಡು ದಿನವಾದರೂ ಒಣಗದ ಈ ಊರಿನ ಆಷಾಢದಲ್ಲಿ, ನನ್ನ ಮಟ್ಟಿಗೆ, ಟಿ.ವಿ.ಗಿಂತ ಫ್ಯಾನ್ ಮುಖ್ಯ. ಬಿಸಿನೀರು ಸೋಲಾರ್‌ನದೇ ಆಗಿದ್ದರೆ ಮೋಡ ಕವಿದ ದಿನಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಗೀಸರ್ ಅಥವಾ ಹಂಡೆಯ ವ್ಯವಸ್ಥೆ ಇದೆಯೇ, ಎಷ್ಟು ಹೊತ್ತಿನವರೆಗೆ ನೀರು ಬಿಡುತ್ತಾರೆ ಎಂದು ವಿಚಾರಿಸಿರಿ. ಊರಿನ ಹತ್ತಿರದ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನ ನಡೆಯುವುದು ಬೆಳಗಿನ ಹೊತ್ತಿನಲ್ಲಾದ್ದರಿಂದ, ಅಲ್ಲಿಗೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಬಿ.ಎಚ್. ರಸ್ತೆಗೆ ಮುಖ ಮಾಡಿದ ಕೋಣೆಗಳಲ್ಲಿ ವಾಹನಗಳ ಸದ್ದು ಹೆಚ್ಚು. ಹಿಂಬದಿಯದನ್ನು ಕೇಳಿ ಪಡೆಯಬಹುದು. ಗುರುತಿಗೆ ಆಧಾರ್ ಪ್ರತಿ ಕೇಳಿದರೆ, ಕೊನೆಯ 4 ಅಂಕಿಗಳಷ್ಟೇ ಕಾಣುವ ಪ್ರತಿ ಕೊಡುವುದು ಕ್ಷೇಮ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮುಂಗಡವಾಗಿ ಕಾದಿರಿಸದೆ ಹೊರಡಬೇಡಿರಿ.