ಡಬ್ಬಿ ಗೊಂಜಾಳದ ಸಹವಾಸ

ಸ್ಟುಟ್‌ಗಾರ್ಟಿಗೆ ನಾನು ಬಂದಿಳಿದದ್ದು 2016ರ ನವೆಂಬರಿನ ಒಂದು ಶನಿವಾರ ರಾತ್ರಿ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ ಅಂತ ಆಫೀಸಿನವರು ಮೊದಲೇ ಹೇಳಿದ್ದರು. ಓಣಿಯ ಮೂಲೆಯ ಒಂದಾದರೂ ಕಿರಾಣಿ ಅಂಗಡಿ ಅರ್ಧ ಬಾಗಿಲು ತೆರೆದಿರುತ್ತದೆ ಅನ್ನುವುದು ನನ್ನ ಲೆಕ್ಕ. ಇರಲಿಲ್ಲ. ದೊಡ್ಡ ರೈಲು ನಿಲ್ದಾಣದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಭಾನುವಾರವೂ ಏನಾದರೂ ಸಿಗುತ್ತದೆ ಎಂದು ಗೊತ್ತಾಗಲು ಮತ್ತೆ ಮೂರು ವಾರ ಬೇಕಾಯಿತು. ಅವತ್ತು ಬಾಡಿಗೆ ಮನೆಯ ಕಪಾಟಿನಲ್ಲಿ ಹಿಂದಿದ್ದವರು ಬಿಟ್ಟುಹೋದ ಒಂದು ಪೊಟ್ಟಣ ಉಪ್ಪು ಮತ್ತು ಒಟ್ಟಿಗೆ ಕಟ್ಟಿ ಮಾರುವ ಮೂರು ಪುಟ್ಟ ಡಬ್ಬಿ ಸ್ವೀಟ್ ಕಾರ್ನ್ ಇದ್ದವು. ನನ್ನ ಸೂಟ್‌ಕೇಸಿನಲ್ಲಿ ಎರಡು ಕಿಲೋ ಅಕ್ಕಿ, ಕುಕ್ಕರು, ಚೂರು ಬೆಲ್ಲ, ಅವ್ವ ಕಟ್ಟಿಕೊಟ್ಟ ಶೇಂಗಾ ಮತ್ತು ಗುರೆಳ್ಳು (ಹುಚ್ಚೆಳ್ಳು) ಚಟ್ನಿಪುಡಿ.

ಹಾವೇರಿ ಜಿಲ್ಲೆಯ ರೈತರ ಮನೆಯ ಹುಡುಗನಿಗೆ ಗೊಂಜಾಳ, ಅಂದರೆ ಮೆಕ್ಕೆಜೋಳ, ಬೇಯಿಸುವುದನ್ನು ಯಾರು ಹೇಳಿಕೊಡಬೇಕು? ಮೂರೂ ಡಬ್ಬಿಯನ್ನು ನೀರಿನ ಸಮೇತ ಅಕ್ಕಿಯ ಮೇಲೆ ಸುರಿದೆ, ಉಪ್ಪು ಹಾಕಿದೆ, ಕೈ ರೂಢಿಗೆ ಬೆಲ್ಲವನ್ನೂ ಹಾಕಿದೆ, ನಾಲ್ಕು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದರೆ ಅತ್ತ ಅನ್ನವೂ ಅಲ್ಲದ ಇತ್ತ ಪಾಯಸವೂ ಅಲ್ಲದ ಒಂದು ಹಳದಿ ಮುದ್ದೆ. ಕಾಳಿನ ಸಿಪ್ಪೆ ಬಿಟ್ಟು ಹಲ್ಲಿಗೆ ಸಿಗುತ್ತಿತ್ತು. ಉಪ್ಪು ಎರಡು ಪಟ್ಟು, ಸಿಹಿ ಮೂರು ಪಟ್ಟು. ಗುರೆಳ್ಳು ಪುಡಿ ಉದುರಿಸಿಕೊಂಡು ಹೇಗೋ ತಿಂದೆ. ಆ ಪುಡಿ ಬಿದ್ದ ತುತ್ತುಗಳು ಮಾತ್ರ ರುಚಿಯಾಗಿದ್ದವು. ಯಾಕೆ ಎಂದು ಅವತ್ತು ಯೋಚಿಸಲಿಲ್ಲ.

ಸಂಜೆ ವಿಡಿಯೋ ಕಾಲಿನಲ್ಲಿ ಅವ್ವನಿಗೆ ಪಾತ್ರೆ ತೋರಿಸಿದೆ. "ಅಲ್ಲೋ, ಅದನ್ನ ಮತ್ತ್ಯಾಕ ಕುದಿಸಿದಿ? ಮೊದಲ ಕುದ್ದು ಬಂದಿರತೈತಲ್ಲೋ ಡಬ್ಬಿ ಒಳಗಿಂದು" ಅಂದಳು. ಆಕೆ ಜೀವಮಾನದಲ್ಲಿ ಕಾರ್ನ್ ಡಬ್ಬಿ ನೋಡಿದವಳಲ್ಲ.

ಅವಳ ಮಾತು ಅಕ್ಷರಶಃ ನಿಜ. ಡಬ್ಬಿಗೆ ಹಸಿ ಕಾಳು, ನೀರು, ಸ್ವಲ್ಪ ಉಪ್ಪು, ಕೆಲವರು ಸಕ್ಕರೆಯನ್ನೂ ಹಾಕಿ, ಮುಚ್ಚಳ ಬಿಗಿದು, ಆಮೇಲೆ ಇಡೀ ಡಬ್ಬಿಯನ್ನೇ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸುತ್ತಾರೆ. ಜೋಳದಲ್ಲಿ ಹುಳಿ ಇಲ್ಲ. ಹುಳಿ ಇಲ್ಲದ ಪದಾರ್ಥವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಬಾಟ್ಯುಲಿಸಂ ಎಂಬ ಜೀವಕ್ಕೇ ಕುತ್ತಾಗುವ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರ ಬೀಜಕಣಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅದಕ್ಕೇ 121 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಶಾಖ ಕೊಡುವುದು. ಅಂದರೆ ಕಾಳು ನಮ್ಮ ಮನೆಗೆ ಬರುವಾಗಲೇ ಕುಕ್ಕರ್ ಕಂಡು ಬಂದಿರುತ್ತದೆ. ನಾವು ಮಾಡಬೇಕಾದ್ದು ಒಗ್ಗರಣೆ ಅಷ್ಟೇ. ಉಬ್ಬಿದ ಡಬ್ಬಿ, ತೆರೆದಾಗ ಬುಸ್ಸೆಂದು ಚಿಮ್ಮುವ ಡಬ್ಬಿ ಮಾತ್ರ ರುಚಿ ನೋಡಲಿಕ್ಕೂ ಬೇಡ, ನೇರ ಕಸಕ್ಕೆ.

ನಮ್ಮ ಕಡೆ ಗೋವಿನಜೋಳ ಅಂದರೆ ಮಳೆಗಾಲದ ಬೆಳೆ, ಮಾರುಕಟ್ಟೆಗೆ ಹೋಗುವ ಬೆಳೆ. ಒಣಗಿದ ಕಾಳು ಹೆಚ್ಚಿನಂಶ ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗೂ ಹೋಗುತ್ತದೆ. ಮನುಷ್ಯರು ತಿನ್ನುವುದು ಹಾಲುಗಾಳಿನ ಹೊತ್ತಿನಲ್ಲಿ, ತೆನೆ ಮುರಿದು ಕೆಂಡದಲ್ಲಿ ಸುಟ್ಟು. ಹೆಂಡತಿ ಮಂಡ್ಯದವಳು, ಅವಳಿಗೆ ಇದು ಮುಸುಕಿನ ಜೋಳ. ದಾವಣಗೆರೆಯ ಗೆಳೆಯನಿಗೆ ಮೆಕ್ಕೆಜೋಳ. ಇಲ್ಲಿಯವರಿಗೆ ಮೈಸ್. ಹೆಸರಿನ ಜಗಳ ಹೇಗೂ ಇರಲಿ, ಡಬ್ಬಿಯದು ನಮ್ಮ ಹೊಲದ್ದಲ್ಲ. ಹೊಲದ ಜೋಳದಲ್ಲಿ ಕಾಳು ಬಲಿತಂತೆ ಸಕ್ಕರೆಯೆಲ್ಲ ಹಿಟ್ಟಾಗುತ್ತದೆ. ಸ್ವೀಟ್ ಕಾರ್ನಿನ ತಳಿಯಲ್ಲಿ ಆ ಕೆಲಸ ಅರ್ಧಕ್ಕೇ ನಿಂತಿರುತ್ತದೆ, ಅದಕ್ಕೇ ಸಿಹಿ. ಈ ಒಂದು ವ್ಯತ್ಯಾಸ ತಿಳಿಯದೆ ನಾನು ಎರಡು ವರ್ಷ ಎಣ್ಣೆ, ಹಿಟ್ಟು, ತಾಳ್ಮೆ ಎಲ್ಲ ಹಾಳು ಮಾಡಿಕೊಂಡೆ.

ಮೊದಲು ಕಲಿತದ್ದು ನೀರಿನ ವಿಚಾರ. ಇಲ್ಲಿನ ದೊಡ್ಡ ಡಬ್ಬಿಯಲ್ಲಿ ನೀರು ಬಸಿದ ಮೇಲೆ ಉಳಿಯುವ ಕಾಳು 285 ಗ್ರಾಂ, ಅಂದರೆ ಸುಮಾರು ಒಂದೂಮುಕ್ಕಾಲು ಕಪ್. ಪುಟ್ಟದರಲ್ಲಿ 140 ಗ್ರಾಂ. ಜಾಲರಿಗೆ ಸುರಿದು, ನಲ್ಲಿ ಕೆಳಗೆ ಒಮ್ಮೆ ತೊಳೆದು, ಹತ್ತು ನಿಮಿಷ ಬಿಟ್ಟು, ಆಮೇಲೆ ಒಣ ಬಟ್ಟೆಯ ಮೇಲೆ ಹರಡುತ್ತೇನೆ. ತೊಳೆದರೆ ಮೇಲ್ಮೇಲಿನ ಉಪ್ಪೂ ಸಿಹಿಯೂ ಸ್ವಲ್ಪ ಇಳಿಯುತ್ತದೆ, ಕಾಳಿನೊಳಗಿನ ಸಿಹಿ ಎಲ್ಲಿಗೂ ಹೋಗುವುದಿಲ್ಲ. ಬಟ್ಟೆಯ ಹಂತವನ್ನು ಸೋಮಾರಿತನದಿಂದ ಬಿಟ್ಟ ದಿನವೆಲ್ಲ ಪಲ್ಯ ನೀರೊಡೆದಿದೆ.

ವಾರಕ್ಕೊಮ್ಮೆಯಾದರೂ ಮಾಡುವುದು ಪಲ್ಯ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಇಂಗು, ಕರಿಬೇವು. ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ. ಉಳ್ಳಾಗಡ್ಡಿಯ ಅಂಚು ಕೆಂಪಾದ ಮೇಲೆ ಹಸಿರು ಡೊಣ್ಣಮೆಣಸಿನಕಾಯಿ, ಅರಿಸಿನ, ಒಂದೂವರೆ ಚಮಚ ಖಾರಪುಡಿ. ಕಾಳು ಎಲ್ಲಕ್ಕಿಂತ ಕೊನೆಗೆ, ಜೋರು ಉರಿಯಲ್ಲಿ ಮೂರೇ ನಿಮಿಷ. ಒಲೆ ಆರಿಸಿ ಎರಡು ಚಮಚ ಗುರೆಳ್ಳು ಪುಡಿ, ಅರ್ಧ ನಿಂಬೆಹಣ್ಣು. ಬೆಲ್ಲ ಮಾತ್ರ ಬೇಡವೇ ಬೇಡ. ನಮ್ಮ ಮನೆಯಲ್ಲಿ ಬದನೆಕಾಯಿಗೂ ಬೇಳೆಗೂ ಬೆಲ್ಲದ ಚೂರು ಬೀಳದಿದ್ದರೆ ಅಡುಗೆ ಪೂರ್ತಿಯಾಗುವುದಿಲ್ಲ, ಹಾಗಾಗಿ ಬೆಲ್ಲದ ಡಬ್ಬಿಯ ಕಡೆಗೆ ಹೋಗುವ ಕೈಯನ್ನು ತಡೆಯುವುದಕ್ಕೇ ನನಗೆ ಒಂದು ವರ್ಷ ಹಿಡಿಯಿತು. ಈ ಕಾಳಿಗೆ ಬೇಕಾದ್ದು ಖಾರ, ಹುಳಿ, ಮತ್ತೆ ಚೂರು ಕಹಿ. ಮೊದಲ ಭಾನುವಾರದ ಆ ತುತ್ತುಗಳಲ್ಲಿ ಗುರೆಳ್ಳು ಮಾಡಿದ್ದೂ ಇದನ್ನೇ. ಗುರೆಳ್ಳು ಮುಗಿದಾಗ ಕಸೂರಿ ಮೆಂತ್ಯವನ್ನು ಅಂಗೈಯಲ್ಲಿ ಉಜ್ಜಿ ಹಾಕುತ್ತೇನೆ. ಹೆಂಡತಿ ಗುರೆಳ್ಳನ್ನು ಇವತ್ತಿಗೂ "ನಿಮ್ಮೂರಿನ ಕಪ್ಪು ಮಣ್ಣು" ಅನ್ನುತ್ತಾಳೆ, ಆದರೆ ಪಾತ್ರೆ ಕೆರೆದು ತಿನ್ನುವವಳೂ ಅವಳೇ.

ಕೋಸಂಬರಿ ಅವಳ ಇಲಾಖೆ. ಮದುವೆಯಾಗಿ ಬಂದ ಮೊದಲ ರಾಮನವಮಿಗೆ ಡಬ್ಬಿ ತೆರೆದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಇದು ಕೋಸಂಬರಿಗೇ ಹೇಳಿ ಮಾಡಿಸಿದ್ದು ಕಣ್ರೀ" ಅಂದಳು. ಬೇಯಿಸದೆ ತಿನ್ನಬಹುದಾ ಎಂಬ ಅನುಮಾನ ನನಗೆ. ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರೂ ಸಲಾಡಿನ ಮೇಲೆ ತಣ್ಣಗೇ ಹಾಕಿಕೊಂಡು ತಿನ್ನುವುದನ್ನು ದಿನವೂ ನೋಡುತ್ತಿದ್ದೆ, ಆದರೂ ತಲೆಗೆ ಹೊಳೆದಿರಲಿಲ್ಲ. ಅರ್ಧ ಕಪ್ ಹೆಸರುಬೇಳೆ ಒಂದು ಗಂಟೆ ನೆನೆಸಿ ಬಸಿಯುತ್ತಾಳೆ, ಅದಕ್ಕೆ ಒಂದು ಪುಟ್ಟ ಡಬ್ಬಿ ಕಾಳು, ಹೆಚ್ಚಿದ ಸೌತೆಕಾಯಿ, ತುರಿದ ಮಾವಿನಕಾಯಿ ಸಿಕ್ಕರೆ ಅದು, ಸಿಗದಿದ್ದರೆ ನಿಂಬೆ. ತೆಂಗಿನಕಾಯಿಗೆ ಬದಲು ಇಲ್ಲಿನ ಒಣ ಕೊಬ್ಬರಿ ತುರಿಯನ್ನು ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ ಹಿಂಡಿ ಹಾಕುವುದು. ಸಾಸಿವೆ, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ. ಉಪ್ಪು ಬಡಿಸುವ ಗಳಿಗೆಯಲ್ಲಿ.

ಉಪ್ಪಿಟ್ಟಿಗೆ ಹಾಕುವುದರಲ್ಲಿ ಹೇಳುವಂಥದ್ದೇನಿಲ್ಲ, ನೀರು ಕುದಿಯುವಾಗ ಒಂದು ಹಿಡಿ ಕಾಳು ಬೀಳಬೇಕು ಅಷ್ಟೇ. ಹೇಳಬೇಕಾದ್ದು ರವೆಯ ಕಥೆ. ಇಲ್ಲಿ ಗ್ರೀಸ್ ಎಂಬ ಹೆಸರಲ್ಲಿ ರವೆ ಸಿಗುತ್ತದೆ, ಆದರೆ ಅದರಲ್ಲಿ ಎರಡು ಬಗೆ. ವೈಚ್‌ವೈಟ್ಸೆನ್ ಎಂದು ಬರೆದದ್ದು ಮೆದು ಗೋಧಿಯದು, ಎಷ್ಟು ಹುರಿದರೂ ಉಪ್ಪಿಟ್ಟು ಅಂಟಂಟು. ಹಾರ್ಟ್‌ವೈಟ್ಸೆನ್ ಅಂದರೆ ಗಟ್ಟಿ ಗೋಧಿ, ಅದು ಉದುರುದುರಾಗಿ ಬರುತ್ತದೆ. ಮೊದಲ ಚಳಿಗಾಲವಿಡೀ ನಾನು ತಿಂದದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಉಪ್ಪಿಟ್ಟು.

ಇನ್ನು ವಡೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹಸಿ ಗೊಂಜಾಳ ರುಬ್ಬಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜೀರಿಗೆ ಸೇರಿಸಿ ವಡೆ ಮಾಡುತ್ತಾರೆ, ಬೇರೆ ಹಿಟ್ಟು ಬೇಕೆನಿಸುವುದೂ ಇಲ್ಲ. ಒಂದು ಯುಗಾದಿಗೆ ಮನೆಗೆ ಆರು ಜನ ಕನ್ನಡದ ಗೆಳೆಯರು ಬರುವವರಿದ್ದರು. ನಾಲ್ಕು ದೊಡ್ಡ ಡಬ್ಬಿ ಮಿಕ್ಸಿಗೆ ಹಾಕಿದೆ. ಹಾಲಿನಂತಾಯಿತು. ಅಕ್ಕಿಹಿಟ್ಟು ಒಂದು ಮುಷ್ಟಿ ಹಾಕಿ ತಟ್ಟಿ ಎಣ್ಣೆಗೆ ಬಿಟ್ಟರೆ ಮೊದಲನೆಯದು ಕರಗಿ ಎಣ್ಣೆ ತುಂಬ ನೊರೆ. ಎರಡನೆಯದಕ್ಕೆ ಕಡಲೆಹಿಟ್ಟು ಸೇರಿಸಿದೆ, ರೂಪ ಬಂತು, ಆದರೆ ನಡುವೆ ರುಬ್ಬದೆ ಉಳಿದಿದ್ದ ಇಡೀ ಕಾಳುಗಳು ಪಟ್ ಪಟ್ ಅಂತ ಸಿಡಿಯತೊಡಗಿದವು. ಒಂದು ಹನಿ ಎಣ್ಣೆ ಮುಂಗೈ ಮೇಲೆ, ಒಂದು ಕನ್ನಡಕದ ಗಾಜಿನ ಮೇಲೆ. ಕನ್ನಡಕ ಇಲ್ಲದಿದ್ದರೆ? ಇವತ್ತಿಗೂ ಆ ಯೋಚನೆ ಬಂದರೆ ಒಲೆಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಇಡೀ ಕಾಳಿನ ಸಿಪ್ಪೆಯೊಳಗೆ ನೀರು ಸಿಕ್ಕಿಕೊಂಡಿರುತ್ತದೆ, ಬಿಸಿ ಎಣ್ಣೆಯಲ್ಲಿ ಅದು ಆವಿಯಾಗಿ ಸಿಪ್ಪೆ ಒಡೆದು ಬರುತ್ತದೆ.

ಆಮೇಲೆ ಹೊಂದಿಸಿಕೊಂಡ ಅಳತೆ ಹೀಗೆ: ಒಂದು ಕಪ್ ಕಡಲೆಬೇಳೆ ಎರಡು ಗಂಟೆ ನೆನೆಸಿ, ಪೂರ್ತಿ ಬಸಿದು, ನೀರು ಹಾಕದೆ ತರಿತರಿ ರುಬ್ಬುವುದು. ಕಾಳು ಒಂದೇ ಪುಟ್ಟ ಡಬ್ಬಿ. ಅದನ್ನು ಬಟ್ಟೆಯಲ್ಲಿ ಒರೆಸಿ, ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, ಉಳಿದ ಇಡೀ ಕಾಳುಗಳನ್ನು ಲೋಟದ ತಳದಿಂದ ಅರೆದು ಒಡೆಯುವುದು. ಎರಡು ಚಮಚ ಅಕ್ಕಿಹಿಟ್ಟು, ಹಸಿಮೆಣಸಿನಕಾಯಿ, ಶುಂಠಿ, ಸಬ್ಬಸಿಗೆ. ಉಪ್ಪು ಎಣ್ಣೆ ಕಾದ ಮೇಲೆ ಹಾಕಿ ಕಲಸಿದರೆ ಹಿಟ್ಟು ನೀರಾಗುವುದಿಲ್ಲ. ಇದು ಆಂಬೊಡೆಯ ತಮ್ಮ, ಅವ್ವನ ವಡೆ ಅಲ್ಲ. ಹಿಟ್ಟಿನಂಶ ಇಲ್ಲದ ಕಾಳಿನಿಂದ ಆ ವಡೆ ಆಗುವುದೂ ಇಲ್ಲ, ನಾನು ಆಸೆ ಬಿಟ್ಟೆ.

ಸುಟ್ಟ ತೆನೆಯ ಆಸೆ ಮಾತ್ರ ಬಿಡಲಿಲ್ಲ. ಕಬ್ಬಿಣದ ಕಾವಲಿಯನ್ನು ಹೊಗೆ ಏಳುವಷ್ಟು ಕಾಯಿಸಿ, ಒಣಗಿಸಿದ ಕಾಳನ್ನು ಎಣ್ಣೆ ಇಲ್ಲದೆ ಒಂದೇ ಪದರವಾಗಿ ಹರಡುತ್ತೇನೆ. ಎರಡು ನಿಮಿಷ ಕೈಯಾಡಿಸಬಾರದು, ಇದೇ ಕಷ್ಟ. ತಳ ಕಪ್ಪು ಚುಕ್ಕೆ ಚುಕ್ಕೆಯಾದ ಮೇಲೆ ಒಮ್ಮೆ ತಿರುವಿ ಇಳಿಸಿ, ಉಪ್ಪು, ಬ್ಯಾಡಗಿ ಖಾರಪುಡಿ, ನಿಂಬೆ. ಕೆಲವು ಕಾಳು ಹಾರುತ್ತವೆ, ಮೇಲೊಂದು ಜಾಲರಿ ಇರಲಿ. ಕಿಟಕಿ ತೆರೆದಿಡದಿದ್ದರೆ ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತದೆ, ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟುತ್ತಾರೆ. ಒಮ್ಮೆ ಹಾಗೆ ಬಂದವರ ಕೈಗೆ ಒಂದು ಬಟ್ಟಲು ಕೊಟ್ಟೆ. ಖಾರಕ್ಕೆ ಕಣ್ಣೀರು ಸುರಿಸುತ್ತಾ ಪೂರ್ತಿ ತಿಂದರು.

ತೆರೆದ ಡಬ್ಬಿಯಲ್ಲೇ ಉಳಿದ ಕಾಳನ್ನು ಇಡುವುದಿಲ್ಲ, ಗಾಜಿನ ಡಬ್ಬಕ್ಕೆ ಸುರಿದು ಫ್ರಿಜ್ಜಿಗೆ. ಮೂರು ದಿನದೊಳಗೆ ಮುಗಿಯಬೇಕು. ಅದೇ ಬುಧವಾರದ ಚಿತ್ರಾನ್ನ.

2023ರ ಜೂನಿನಲ್ಲಿ ಅವ್ವ ಬಂದಳು. ಬಂದ ಮೂರನೇ ದಿನ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ತೆರೆಸಿ, ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿದಳು. "ಇದರಾಗ ಹಿಟ್ಟ ಇಲ್ಲಲ್ಲೋ, ಬರೇ ಸಿಹಿ ನೀರು." ನಾನು ಎರಡು ವರ್ಷದಲ್ಲಿ ಕಂಡುಕೊಂಡದ್ದು ಅವಳ ಬೆರಳಿಗೆ ಒಂದು ಗಳಿಗೆಯಲ್ಲಿ ಗೊತ್ತಾಯಿತು. ಊರಿಂದ ತಂದಿದ್ದ ಬಿಳಿಜೋಳದ ಹಿಟ್ಟು ಎರಡು ಕಪ್, ಅರ್ಧ ಕಪ್ ಕಡಲೆಹಿಟ್ಟು, ಅರೆದ ಕಾಳು ಒಂದು ದೊಡ್ಡ ಡಬ್ಬಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿದ್ದು, ಓಂಕಾಳು, ಎಳ್ಳು, ಕೊತ್ತಂಬರಿ. ನೀರಿನ ತಂಬಿಗೆಯನ್ನು ನಾನು ಮುಂದಿಟ್ಟರೆ ಆಚೆ ಸರಿಸಿದಳು. ಕಲಸಿ ಹತ್ತು ನಿಮಿಷ ಬಿಟ್ಟರೆ ಕಾಳು, ಉಳ್ಳಾಗಡ್ಡಿ ಬಿಟ್ಟ ನೀರೇ ಸಾಕಾಯಿತು. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ಬೆರಳಿಂದ ತೂತು ಮಾಡಿ, ಕಾವಲಿಗೆ ಬೋರಲು ಹಾಕಿ ಬಟ್ಟೆ ಬಿಡಿಸಿ, ತೂತಿಗೆ ಎಣ್ಣೆ ಬಿಟ್ಟು ಮುಚ್ಚಳ ಮುಚ್ಚಿದಳು. ತಾಲಿಪಟ್ಟಿ. ಜೋಳದ ಹಿಟ್ಟಿನ ಒರಟುತನಕ್ಕೆ ಆ ಸಿಹಿ ಎಷ್ಟು ಒಪ್ಪಿತು ಅಂದರೆ, ಮೊಸರು ತರಲು ಎದ್ದ ನಾನು ವಾಪಸು ಬರುವಷ್ಟರಲ್ಲಿ ಹೆಂಡತಿ ನನ್ನ ಪಾಲಿಗೂ ಕೈ ಹಾಕಿದ್ದಳು.

ಆಗಸ್ಟಿನಲ್ಲಿ ಅವ್ವ ಹೊರಡುವಾಗ ಸೂಟ್‌ಕೇಸ್ ತೂಕ ಮಾಡಲು ಹೋದರೆ ಒಂದೂವರೆ ಕಿಲೋ ಹೆಚ್ಚು. ತೆರೆದು ನೋಡಿದೆ. ಸೀರೆಗಳ ನಡುವೆ ಸುತ್ತಿಟ್ಟ ನಾಲ್ಕು ದೊಡ್ಡ ಡಬ್ಬಿ.

"ಮನೀ ಮುಂದಿನ ಹೊಲದ ತುಂಬ ಗೊಂಜಾಳ ನಿಂತೈತಲ್ಲವ್ವ, ಇದನ್ಯಾಕ ಹೊರತಿ?"

"ಓಣ್ಯಾಗ ತೋರಸಬೇಕು" ಅಂದಳು. ಡಬ್ಬಿಗಳನ್ನು ಅಲ್ಲೇ ಬಿಟ್ಟು, ಜೋಳದ ಹಿಟ್ಟಿನ ಜೊತೆ ಊರಿಂದ ತಂದಿದ್ದ ಹಿತ್ತಾಳೆ ಜರಡಿಯನ್ನು ಸೂಟ್‌ಕೇಸಿನಿಂದ ತೆಗೆದಿಟ್ಟಳು.